ನೀರನ್ನಳೆಯುವ ಪ್ರಾಣಿಯ ನಾಡು: ಎವರ್‌ಗ್ಲೇಡ್ಸ್

ಅಟ್ಲಾಂಟಿಕ್ ಸಾಗರಕ್ಕೂ ಮೆಕ್ಸಿಕೋ ಕೊಲ್ಲಿಗೂ ನಡುವೆ ಚಾಚಿಕೊಂಡಿರುವ ಫ್ಲಾರಿಡಾ ಪರ್ಯಾಯದ್ವೀಪದ ದಕ್ಷಿಣ ಭಾಗವನ್ನು ಆವರಿಸಿರುವ ಎವರ್‌ಗ್ಲೇಡ್ಸ್ ಪ್ರದೇಶವನ್ನು ಜೌಗುನೆಲವೆಂದು ಹೇಳಿ ಮುಗಿಸುವವರುಂಟು. ಆದರೆ ಜೌಗಿನ ನೀರು ನಿಂತ ನೀರು, ಇಲ್ಲಿಯದಾದರೋ ಹರಿಯುವ ನೀರು. ಓಕಿಚೋಬಿ ಎಂಬ ಮಹಾಸರೋವರದ ದಕ್ಷಿಣ ತೀರವನ್ನು ಮೀರಿ ಉಕ್ಕಿದ ಜಲವು, ಒಂದು ಕಿಲೋಮೀಟರಿಗೆ ಕೇವಲ 3 ಸೆಂಟಿಮೀಟರಿನಷ್ಟು ಇಳಿಜಾರುಳ್ಳ ಸುಣ್ಣಕಲ್ಲಿನ ಹಾಸಿನ ಮೇಲೆ ಸುಮಾರು 100 ಕಿಲೋಮೀಟರು ಅಗಲಕ್ಕೆ ಹರಡಿಕೊಂಡು, ಹರಿಯುತ್ತಿದೆಯೆಂಬುದೇ ಕಣ್ಣಿಗೆ ಕಾಣದಷ್ಟು ಮಂದಗತಿಯಿಂದ ದಕ್ಷಿಣದ ಕಡಲನ್ನು ಸೇರುತ್ತಿದ್ದಿತು. ಮಾರ್ಜರಿ ಸ್ಟೋನ್‌ಮನ್ ಡಗ್ಲಸ್ ಎಂಬ ಲೇಖಕಿ ತಮ್ಮ ಗ್ರಂಥದಲ್ಲಿ ಇದನ್ನು ಹುಲ್ಲಿನ ನದಿಯೆಂದು ಕರೆದದ್ದು 1947ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ನರು ಇದರ ದಕ್ಷಿಣ ಭಾಗವನ್ನು ರಾಷ್ಟ್ರೀಯ ಉದ್ಯಾನವಾಗಿ ಲೋಕಾರ್ಪಣೆ ಮಾಡಿದರು.

ಈ ನದಿಗೆ ದಡವಿಲ್ಲ. ಮೊಣಕಾಲುದ್ದದ ನೀರಿನಲ್ಲಿ ಆಳೆತ್ತರಕ್ಕೆ ಬೆಳೆದು, ಅಂಚಿನ ಸೂಕ್ಷ್ಮ ದಂತಗಳಿಂದ ಮೈಕೈ ಕೊಯ್ಯುವ ಸಾಗ್ರಾಸ್ ಎಂಬ ಜೇಕಿನ ಜಾತಿಯ ಸಸ್ಯವೇ ಕಣ್ಣು ಹಾಯುವ ಪರ್ಯಂತ ವ್ಯಾಪಿಸಿದೆ. ನಡುನಡುವೆ ತಲೆಯೆತ್ತಿರುವ ದಿಬ್ಬಗಳ ಮೇಲೆ ಮಹಾಗನಿಯೂ ಓಕ್ ಮರಗಳೂ ಒತ್ತಾಗಿ ನಿಂತಿವೆ. ಗೇಣುದ್ದದ ಏರಿಳಿತವೇ ಇಲ್ಲಿ ವನಕ್ಕೂ ಜಲಕ್ಕೂ ಗಡಿ. ಇಂಥ ನೆಲದಲ್ಲಿ ಬಾಳಬೇಕಾದ ಪ್ರಾಣಿಗೆ ನೀರಿನ ಮಟ್ಟವನ್ನು ಅಳೆಯುವ ವಿದ್ಯೆ ತಿಳಿದಿರಲೇಬೇಕು. ಆ ವಿದ್ಯೆಯಲ್ಲಿ ಪಾರಂಗತವಾದದ್ದು ಅಲಿಗೇಟರ್ ಎಂಬ, ಮೊಸಳೆಯ ದಾಯಾದಿಯಾದ ಸರೀಸೃಪ.

ಮೇ ತಿಂಗಳಿಂದ ನವೆಂಬರಿನವರೆಗೆ ಮಳೆ ಸುರಿದು ಬಯಲೆಲ್ಲ ತುಂಬಿರುವಾಗ ಇದರ ಹಿರಿಮೆ ಗೋಚರವಾಗದು. ಡಿಸೆಂಬರ್ ಕಳೆದು, ನೀರು ದಿನದಿನಕ್ಕೆ ಇಂಗಿ, ಕೆಸರು ಬಿರಿಯಲು ಮೊದಲಾದಾಗ ನೋಡಬೇಕು. ಸುಣ್ಣಕಲ್ಲಿನ ತಗ್ಗುಗಳಲ್ಲಿ ತುಂಬಿದ ಹೂಳನ್ನೂ ಬೇರುಗಳನ್ನೂ ಮೂತಿಯಿಂದ ಕಿತ್ತು, ಕಾಲಿನಿಂದ ಕೆದರಿ, ಬಾಲದಿಂದ ಬಳಿದು ಅಲಿಗೇಟರ್ ವರ್ಷವರ್ಷವೂ ತೆರವಾಗಿಟ್ಟುಕೊಂಡ ಹೊಂಡಗಳಲ್ಲಿ ಮಾತ್ರ ನೀರು ಉಳಿದಿರುತ್ತದೆ; ಮೀನು, ಆಮೆ, ಶಂಬೂಕ, ಸೀಗಡಿಯ ಬಳಗದ ಜೀವಿಗಳು ಯಾವತ್ತೂ ಅಲ್ಲಿಗೇ ಶರಣು ಬರುತ್ತವೆ; ಅವನ್ನರಸಿ ಬೆಳ್ಳಕ್ಕಿಗಳೂ ಕೊಕ್ಕರೆಗಳೂ ನೆರೆಯುತ್ತವೆ. ಹೊಂಡದ ಒಡೆಯನು ಈ ಅತಿಥಿಗಳಲ್ಲಿ ಕೆಲವರನ್ನು ಭಕ್ಷಿಸದೆ ಬಿಡುವುದಿಲ್ಲವಾದುದರಿಂದ ಇದನ್ನು ಔದಾರ್ಯವೆಂದು ಹೊಗಳುವುದು ಅವಿವೇಕ. ಆದರೆ ಉಳಿದವುಗಳ ಸಂತಾನವೇ ಮುಂದಿನ ಮಳೆಗಾಲದಲ್ಲಿ ಬಯಲನ್ನು ಮತ್ತೆ ತುಂಬುತ್ತದೆಂಬುದೂ ಅಷ್ಟೇ ನಿಜ. ಕೊಕ್ಕರೆಗಳ ವ್ಯವಹಾರಜ್ಞಾನ ಇನ್ನೂ ವಿಚಿತ್ರ: ಅಲಿಗೇಟರ್ ಇರುವ ನೀರಿನ ಮೇಲಣ ಮರಗಳಲ್ಲಿ ಅವು ಗೂಡು ಕಟ್ಟುತ್ತವೆ, ಮೊಟ್ಟೆ ಕದಿಯುವ ರಕೂನುಗಳು ಆ ನೀರನ್ನು ಈಜಿ ಬರಲು ಅಂಜುತ್ತವೆ, ಗೂಡಿನಿಂದ ಜಾರಿಬಿದ್ದ ಮರಿ ಕಾವಲುಗಾರನ ಸಂಬಳ.

ಈ ಪ್ರಾಣಿಯ ಜೀವಿತವು ಮಿತವ್ಯಯದ ಮೇಲೆ ನಿಂತದ್ದು. ದೇಹದ ಉಷ್ಣವನ್ನು ಆಹಾರದಿಂದ ಹುಟ್ಟಿಸದೆ ಸೂರ್ಯನಿಂದ ಸಾಲ ಪಡೆಯುವುದರಿಂದ, ಚಳಿಯ ದಿನಗಳಲ್ಲಿ ತಿಂಗಳುಗಟ್ಟಲೆ ಉಪವಾಸವಿರಬಲ್ಲುದು. ಬೇಟೆಯಲ್ಲಿಯೂ ಓಟವಿಲ್ಲ, ಕಾಯುವಿಕೆಯೇ ಎಲ್ಲ: ಕಣ್ಣು ಮೂಗುಗಳಷ್ಟೇ ನೀರಿನ ಮೇಲೆ, ದವಡೆಯ ಚರ್ಮದಲ್ಲಿ ಚೆಲ್ಲಿದಂತಿರುವ ಕಪ್ಪುಚುಕ್ಕೆಗಳು ಸ್ಪರ್ಶೇಂದ್ರಿಯಗಳಾಗಿದ್ದು, ಗಾಢಾಂಧಕಾರದಲ್ಲಿಯೂ ಜಲದ ಕಿರುಕಂಪನವನ್ನು ಗ್ರಹಿಸುತ್ತವೆ.

ವಸಂತದಲ್ಲಿ ಗಂಡು ತಲೆಯನ್ನೂ ಬಾಲವನ್ನೂ ಎತ್ತಿ ಮೈಯನ್ನು ನೀರಿನಲ್ಲಿ ತಗ್ಗಿಸಿದಾಗ, ಮೊರೆತ ಕೇಳಿಸುವುದಕ್ಕೆ ಮುನ್ನವೇ ಬೆನ್ನಿನ ಮೇಲಿನ ನೀರು ಹನಿಹನಿಯಾಗಿ ಕುಣಿಯತೊಡಗುತ್ತದೆ. ಮನುಷ್ಯನ ಕಿವಿಗೆ ನಿಲುಕದಷ್ಟು ಮಂದ್ರವಾದ ನಾದದ ಪ್ರಭಾವವದು. ಜೂನ್ ಜುಲೈ ತಿಂಗಳುಗಳಲ್ಲಿ ಹೆಣ್ಣು ಜೇಕನ್ನೂ ಕೆಸರನ್ನೂ ಬಾಚಿ ಗುಡ್ಡೆಹಾಕಿ, ಅದರೊಳಗೆ ಮೂವತ್ತು ನಲ್ವತ್ತು ಮೊಟ್ಟೆಗಳನ್ನಿಟ್ಟು ಮುಚ್ಚುತ್ತದೆ. ಕೊಳೆಯುವ ಸೊಪ್ಪಿನ ಬಿಸಿಯೂ ಬಿಸಿಲೂ ಕೂಡಿ ಕಾವು ಕೊಡುವುದಷ್ಟೇ ಅಲ್ಲ, ಮರಿಯ ಲಿಂಗವನ್ನೂ ನಿರ್ಣಯಿಸುತ್ತವೆ: ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಹುಟ್ಟುವವು ಹೆಣ್ಣುಗಳು, 33ರ ಸುಮಾರಿನಲ್ಲಿ ಬಹುಪಾಲು ಗಂಡುಗಳು. ಹೆಚ್ಚುಕಡಿಮೆ 65 ದಿನಗಳು ಕಳೆದಾಗ ಮರಿಗಳು ಮೊಟ್ಟೆಯೊಳಗಿನಿಂದಲೇ ಕೂಗುತ್ತವೆ. ಕಾವಲಿದ್ದ ತಾಯಿ ಗುಡ್ಡೆಯನ್ನು ಬಗೆದು, ಆಮೆಯ ಚಿಪ್ಪನ್ನು ಪುಡಿಮಾಡಬಲ್ಲ ಅದೇ ದವಡೆಗಳ ನಡುವೆ ಮರಿಗಳನ್ನಿರಿಸಿಕೊಂಡು ನೀರಿಗೆ ಒಯ್ಯುತ್ತದೆ. ಹಳದಿ ಪಟ್ಟೆಯ ಮರಿಗಳು ವರ್ಷಕ್ಕೂ ಮಿಕ್ಕಿ ಅದರ ಆಸುಪಾಸಿನಲ್ಲಿಯೇ ಇರುತ್ತವೆ. ಆದರೂ ಹಕ್ಕಿಗಳಿಗೂ ಸ್ವಜಾತಿಯ ಹಿರಿಯರಿಗೂ ತುತ್ತಾಗದೆ ಬೆಳೆಯುವವು ಸ್ವಲ್ಪವೇ.

ರಂಗನತಿಟ್ಟಿನ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ನಮ್ಮ ಮೊಸಳೆಯ ಜಾತಿಯಲ್ಲಿಯೂ ತಾಯಿ ಮರಿಗಳನ್ನು ಬಾಯಲ್ಲಿ ಒಯ್ಯುವುದುಂಟು. ಆದರೆ ಅದು ಬೇಸಗೆಯಲ್ಲಿ ದಡದ ಮಣ್ಣು ತೋಡಿ ಮೊಟ್ಟೆಯನ್ನು ಹುಗಿದರೆ, ಇದು ಮಳೆಗಾಲದಲ್ಲಿ ನೀರಿನ ನಡುವೆಯೇ ಗುಡ್ಡೆಯೇರಿಸುತ್ತದೆ. ಎಷ್ಟು ಎತ್ತರಕ್ಕೆ? ವಸಂತದ ನೀರಿನ ಮಟ್ಟವೇ ಅದಕ್ಕೆ ಪ್ರಮಾಣ. ಮಳೆಯೊಂದೇ ನೀರಿನ ಮಟ್ಟವನ್ನು ನಿರ್ಧರಿಸುತ್ತಿದ್ದಾಗ ಈ ಲೆಕ್ಕ ಬಹುಮಟ್ಟಿಗೆ ತಪ್ಪುತ್ತಿರಲಿಲ್ಲ. 1928ರಲ್ಲಿ ಮುಗಿದ ಟಮಿಯಾಮಿ ಟ್ರೇಲ್ ಎಂಬ ಹೆದ್ದಾರಿ ನದಿಗೆ ಅಡ್ಡಗಟ್ಟೆಯಾಯಿತು; 1948ರ ತರುವಾಯ ಪ್ರವಾಹನಿವಾರಣೆಯ ಯೋಜನೆಯ ಕಾಲುವೆ, ಏರಿ, ತೂಬುಗಳು ಹರಿವನ್ನೇ ಹಂಚಿಕೊಂಡವು. ಹೊಲಗಳನ್ನೂ ನಗರಗಳನ್ನೂ ಉಳಿಸಲು ಗೂಡಿನ ಕಾಲದಲ್ಲಿ ತೂಬೆತ್ತಿದಾಗ, ಮೊಟ್ಟೆಗಳು ಗುಡ್ಡೆಯೊಳಗೇ ಮುಳುಗಿ ಸಾಯತೊಡಗಿದವು. ಚರ್ಮದ ವ್ಯಾಪಾರಕ್ಕಾಗಿ ನಡೆದ ಬೇಟೆ ಕ್ರೂರವಾಗಿದ್ದರೂ ಕಾನೂನಿಗೆ ಮಣಿಯಿತು: 1967ರಲ್ಲಿ ವಿನಾಶದ ಅಂಚಿನ ಪಟ್ಟಿಗೆ ಸೇರಿದ ಅಲಿಗೇಟರ್, 1987ರಲ್ಲಿ ಚೇತರಿಸಿಕೊಂಡಿತೆಂದು ಘೋಷಿತವಾಯಿತು. ತೂಬಿನ ವಿಷಯ ಅಷ್ಟು ಸುಲಭವಲ್ಲ. ಅಲ್ಲಿ ಅಪರಾಧಿಯೆಂದು ಬೊಟ್ಟುಮಾಡಿ ತೋರಿಸಲು ಯಾರೂ ಸಿಕ್ಕುವುದಿಲ್ಲ. ಹರಿವನ್ನು ಮರಳಿಸುವ ಮಹಾಯೋಜನೆಗೆ ಅಮೆರಿಕದ ಕಾಂಗ್ರೆಸ್ಸು 2000ದಲ್ಲಿ ಸಮ್ಮತಿಯಿತ್ತಿತು. ಹೆದ್ದಾರಿಯ ಒಂದಿಷ್ಟು ಭಾಗವನ್ನು ಸೇತುವೆಗಳ ಮೇಲೆ ಎತ್ತಿ ಅಡಿಯಲ್ಲಿ ನೀರಿಗೆ ದಾರಿಬಿಟ್ಟಿದ್ದಾರೆ.

ನೋಡಬಯಸುವವರು ಒಣಕಾಲದಲ್ಲಿ, ಡಿಸೆಂಬರಿನಿಂದ ಏಪ್ರಿಲಿನ ಒಳಗೆ ಹೋಗುವುದು ಲೇಸು. ಮಯಾಮಿ ನಗರಕ್ಕೆ ಅನತಿದೂರದಲ್ಲಿರುವ ಅನ್‌ಹಿಂಗಾ ಟ್ರೇಲ್ ಎಂಬ ಕಾಲುದಾರಿಯಲ್ಲಿ, ಮರದ ಹಲಗೆಯ ಮೇಲಿನಿಂದಲೇ ಅಲಿಗೇಟರುಗಳನ್ನು ಸಮೀಪದಿಂದ ಕಾಣಬಹುದು. ತಿಂಡಿಯೆಸೆಯುವುದು ಮಾತ್ರ ಅಪರಾಧ, ಮನುಷ್ಯನಲ್ಲಿ ಅನ್ನವನ್ನು ಕಂಡ ಅಲಿಗೇಟರಿಗೆ ಮನುಷ್ಯನ ಭಯ ಉಳಿಯದು. ಉದ್ಯಾನದ ರಸ್ತೆಯಲ್ಲಿ ದಕ್ಷಿಣಕ್ಕೆ ಸಾಗಿ ಕಡಲಂಚಿನ ಫ್ಲೆಮಿಂಗೋ ಎಂಬ ತಾಣವನ್ನು ತಲಪಿದರೆ ಅಲಿಗೇಟರಿನೊಂದಿಗೆ ಅಮೆರಿಕದ ಮೊಸಳೆಯೂ ಕಾಣಸಿಗುತ್ತದೆ. ಇವೆರಡೂ ಕಾಡಿನಲ್ಲಿ ಒಟ್ಟಿಗೆ ಬಾಳುವುದು ಜಗತ್ತಿನಲ್ಲಿ ದಕ್ಷಿಣ ಫ್ಲಾರಿಡಾದಲ್ಲಿ ಮಾತ್ರ. ಅಗಲ ಮೂತಿಯದು ಅಲಿಗೇಟರ್, ಕಿರಿದಾದ ಮೂತಿಯಿಂದ ಕೆಳದವಡೆಯ ಹಲ್ಲು ಹೊರಚಾಚಿರುವುದು ಮೊಸಳೆ. ಮೊಸಳೆಯ ನಾಲಗೆಯ ಗ್ರಂಥಿಗಳು ಉಪ್ಪನ್ನು ಹೊರಹಾಕಬಲ್ಲವು. ಅಲಿಗೇಟರಿಗೆ ಆ ಸಾಮರ್ಥ್ಯವಿಲ್ಲದ ಕಾರಣ ಸಿಹಿನೀರಿಲ್ಲದೆ ಅದು ಬಹುಕಾಲ ಬಾಳದು. ಉತ್ತರದಿಂದ ಬರುವ ನೀರು ಕುಗ್ಗಿದಷ್ಟೂ ಸಮುದ್ರದ ಉಪ್ಪು ಒಳನಾಡಿಗೆ ನುಗ್ಗಿದೆ. ಒಂದು ಕಾಲದಲ್ಲಿ ಅಲಿಗೇಟರುಗಳು ಹೇರಳವಾಗಿದ್ದ ಇಲ್ಲಿಯ ಕಾಂಡ್ಲಾವನದ ಅಂಚಿನ ಹಳ್ಳಗಳಲ್ಲಿ ಇಂದು ಅವು ವಿರಳ.