ಪದವಿ ಬೇರೆ, ಪರವಾನಗಿ ಬೇರೆ: ಆಪ್ತಸಮಾಲೋಚನೆಯ ಓದಿನ ಸುತ್ತ ನಾಲ್ಕು ತಪ್ಪು ಕಲ್ಪನೆಗಳು

ನಂಜನಗೂಡಿನಿಂದ ರೈಲಿನಲ್ಲೋ ತಿ. ನರಸೀಪುರದಿಂದ ಬಸ್ಸಿನಲ್ಲೋ ದಿನವೂ ಮೈಸೂರಿಗೆ ಹೋಗಿಬರುವ ವಿದ್ಯಾರ್ಥಿಗಳಿಗೆ ಮನಃಶಾಸ್ತ್ರ ಅಪರಿಚಿತ ವಿಷಯವೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಈ ವಿಭಾಗ ಶುರುವಾದದ್ದು 1924ರಲ್ಲಿ. ದೇಶದ ಅತಿ ಹಳೆಯ ಮನಃಶಾಸ್ತ್ರ ವಿಭಾಗಗಳಲ್ಲಿ ಅದೂ ಒಂದು. ಈಗ ಈ ಓದಿಗೆ ಹೊಸ ಬೇಡಿಕೆಯೂ ಬಂದಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕ, ಮನಃಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತ ಇರಬೇಕೆಂದು 2025ರ ಜುಲೈನಲ್ಲಿ ಸುಖದೇಬ್ ಸಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿತು. ತಾಲ್ಲೂಕು ಕೇಂದ್ರಗಳ ಕಾಲೇಜುಗಳಿಗೂ ಇದು ಅನ್ವಯಿಸುತ್ತದೆ. ಬೇಡಿಕೆ ಬಂದಲ್ಲಿ ಜಾಹೀರಾತೂ ಬರುತ್ತದೆ. ಎಲ್ಲ ಜಾಹೀರಾತುಗಳಲ್ಲೂ ಕಾಣುವ ಪದ ‘ಮಾನ್ಯತೆ ಪಡೆದ ಕೋರ್ಸ್’. ಪದವಿಗೆ ಸಿಗುವ ಮಾನ್ಯತೆ, ಸಂಸ್ಥೆಗೆ ಸಿಗುವ ಶ್ರೇಣಿ, ವ್ಯಕ್ತಿಗೆ ಸಿಗುವ ನೋಂದಣಿ, ಈ ಮೂರನ್ನೂ ಒಂದೇ ಎಂದು ತಿಳಿಯುವುದರಿಂದಲೇ ಮುಂದಿನ ನಾಲ್ಕೂ ತಪ್ಪು ಕಲ್ಪನೆಗಳು ಹುಟ್ಟಿವೆ.

ತಪ್ಪು ಕಲ್ಪನೆ 1: ಯುಜಿಸಿ ಮಾನ್ಯತೆ, ನ್ಯಾಕ್ ‘ಎ’ ಗ್ರೇಡ್ ಇರುವ ಕಡೆ ಎಂ.ಎಸ್ಸಿ. ಮಾಡಿದರೆ ಚಿಕಿತ್ಸೆ ನೀಡುವ ಹಕ್ಕು ಬಂದಂತೆ.

ಸತ್ಯ: ವಿಶ್ವವಿದ್ಯಾನಿಲಯ ಪದವಿ ಕೊಡಲು ಅರ್ಹ ಎಂದಷ್ಟೇ ಯುಜಿಸಿ ಹೇಳುತ್ತದೆ. 1994ರಲ್ಲಿ ಹುಟ್ಟಿದ, ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ನ್ಯಾಕ್ ಅಳೆಯುವುದು ಇಡೀ ಸಂಸ್ಥೆಯ ಗುಣಮಟ್ಟವನ್ನು. ಇವೆರಡೂ ವೃತ್ತಿಯ ಪರವಾನಗಿ ಕೊಡುವುದಿಲ್ಲ. ಎಲ್‌ಎಲ್‌ಬಿ ಮುಗಿಸಿದವರು ವಕೀಲರ ಪರಿಷತ್ತಿನಲ್ಲಿ ನೋಂದಾಯಿಸದೆ ವಾದ ಮಾಡುವಂತಿಲ್ಲ. ಇಲ್ಲಿಯೂ ಅದೇ ತರ್ಕ. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಕರೆದುಕೊಳ್ಳಲು 1992ರ ಕಾಯ್ದೆಯಡಿ ರಚನೆಯಾದ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಒಪ್ಪಿದ ಕೋರ್ಸ್ ಓದಿ ಅದರ ಕೇಂದ್ರ ರಿಜಿಸ್ಟರ್‌ನಲ್ಲಿ ಹೆಸರು ಸೇರಿಸಬೇಕು. ನೋಂದಣಿಯಿಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆ, ಒಂದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಆ ಕಾಯ್ದೆ ವಿಧಿಸುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಇದೇ ಮಾತನ್ನು ಹೇಳುತ್ತದೆ: ಆರ್‌ಸಿಐ ಒಪ್ಪಿದ ಕ್ಲಿನಿಕಲ್ ಸೈಕಾಲಜಿಯ ಅರ್ಹತೆ ಇರಬೇಕು, ಇಲ್ಲವೇ ಸ್ನಾತಕೋತ್ತರ ಪದವಿಯ ಮೇಲೆ, ಮೇಲ್ವಿಚಾರಣೆಯ ತರಬೇತಿ ಒಳಗೊಂಡ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಇರಬೇಕು. ಎಂ.ಎಸ್ಸಿ. ಸೈಕಾಲಜಿ ಒಂದರಿಂದಲೇ ಆ ಬಾಗಿಲು ತೆರೆಯುವುದಿಲ್ಲ. ಎಂ.ಫಿಲ್. ದಾರಿಯೂ ಮುಚ್ಚುವ ಹಂತದಲ್ಲಿದೆ. ಎಂ.ಫಿಲ್. ನಿಲ್ಲಿಸುವಾಗ ಕ್ಲಿನಿಕಲ್ ಸೈಕಾಲಜಿಗೆ ಯುಜಿಸಿ ಕೊಟ್ಟಿದ್ದ ವಿನಾಯಿತಿ 2025-26ರ ಸಾಲಿನವರೆಗೆ ಮಾತ್ರ. ಅಣ್ಣ ಅಕ್ಕಂದಿರು ಹಿಡಿದ ದಾರಿ ತಮ್ಮ ತಂಗಿಯರಿಗೂ ತೆರೆದಿರುತ್ತದೆ ಎಂದು ನಂಬಿ ಕೂರುವಂತಿಲ್ಲ.

ತಪ್ಪು ಕಲ್ಪನೆ 2: ಕೌನ್ಸೆಲರ್‌ಗಳಿಗೆ ಕಾನೂನೇ ಇಲ್ಲ, ಆರು ತಿಂಗಳ ಡಿಪ್ಲೊಮಾ ಮಾಡಿ ಬೋರ್ಡು ಹಾಕಿದರಾಯಿತು.

ಸತ್ಯ: ಈ ನಂಬಿಕೆಗೆ ಒಂದು ಕಾಲದಲ್ಲಿ ಆಧಾರವಿತ್ತು. ಆರ್‌ಸಿಐ ಕಾಯ್ದೆ ಮೂಲತಃ ಅಂಗವಿಕಲರ ಪುನರ್ವಸತಿಗಾಗಿ ಬಂದದ್ದು. ಶಾಲೆಯ ಆಪ್ತಸಮಾಲೋಚಕರು ಅದರ ಪಟ್ಟಿಯಲ್ಲಿ ನೇರವಾಗಿ ಬರಲಿಲ್ಲ. ಆ ಖಾಲಿ ಜಾಗವನ್ನು ತುಂಬುವಂತೆ 2021ರ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ‘ವರ್ತನಾ ಆರೋಗ್ಯ ವಿಜ್ಞಾನ’ ಎಂಬ ವರ್ಗವನ್ನು ತನ್ನ ಅನುಸೂಚಿಯಲ್ಲಿಟ್ಟಿತು. ಮನಃಶಾಸ್ತ್ರಜ್ಞರು, ಆರೋಗ್ಯ ಸಮಾಲೋಚಕರು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು, ಎಚ್‌ಐವಿ ಸಮಾಲೋಚಕರು, ಎಲ್ಲರೂ ಅದರಲ್ಲಿದ್ದಾರೆ. ಓದಿನ ಅಳತೆಯನ್ನೂ ಅದು ಗಂಟೆಗಳಲ್ಲಿ ಹೇಳಿದೆ: ಸಹಾಯಕ ವೃತ್ತಿಪರರಿಗೆ ಕನಿಷ್ಠ 2,000 ಗಂಟೆ, ಆರೋಗ್ಯ ಆರೈಕೆ ವೃತ್ತಿಪರರಿಗೆ ಕನಿಷ್ಠ 3,600 ಗಂಟೆ. ದಿನಕ್ಕೆ ಆರು ಗಂಟೆ, ವಾರಕ್ಕೆ ಆರು ದಿನ ಪಾಠ ಕೇಳಿದರೂ ಆರು ತಿಂಗಳಲ್ಲಿ ಸಾವಿರ ಗಂಟೆ ದಾಟುವುದಿಲ್ಲ. ಸಣ್ಣ ಕೋರ್ಸುಗಳು ನಿಷ್ಪ್ರಯೋಜಕವೆಂದು ಇದರರ್ಥವಲ್ಲ. ಶಿಕ್ಷಕಿಯೊಬ್ಬರಿಗೆ, ಆಶಾ ಕಾರ್ಯಕರ್ತೆಗೆ ಅವು ಹೆಚ್ಚಿನ ತಿಳಿವಳಿಕೆ ಕೊಡುತ್ತವೆ, ವೃತ್ತಿಯನ್ನು ಕೊಡುವುದಿಲ್ಲ.

ತಪ್ಪು ಕಲ್ಪನೆ 3: ದೂರಶಿಕ್ಷಣದಲ್ಲಿ ಓದಿದರೂ ಅದೇ ಬೆಲೆ.

ಸತ್ಯ: ಕೆಲಸ ಮಾಡುತ್ತಲೇ ಓದುವವರಿಗೆ, ಮುಖ್ಯವಾಗಿ ಮದುವೆಯಾದ ಹೆಣ್ಣುಮಕ್ಕಳಿಗೆ, ದೂರಶಿಕ್ಷಣ ದೊಡ್ಡ ಆಸರೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮನಃಶಾಸ್ತ್ರವೂ ಸೇರಿದಂತೆ 2021ರ ಕಾಯ್ದೆಯಡಿ ಬರುವ ವಿಷಯಗಳಿಗೆ 2025ರ ಜುಲೈ-ಆಗಸ್ಟ್ ಸಾಲಿನಿಂದ ದೂರಶಿಕ್ಷಣ ಮತ್ತು ಆನ್‌ಲೈನ್ ಕ್ರಮದಲ್ಲಿ ಹೊಸ ಪ್ರವೇಶ ಕೊಡಬಾರದೆಂದು ಯುಜಿಸಿ ಸೂಚಿಸಿದೆ. ಎದುರಿಗೆ ಕೂತ ಮನುಷ್ಯನ ಸಂಕಟವನ್ನು ಕೇಳಿಸಿಕೊಳ್ಳುವ ಕಲೆ, ಅನುಭವಿಗಳ ಕಣ್ಗಾವಲಿನಲ್ಲಿ ತಪ್ಪಿ ತಿದ್ದಿಕೊಳ್ಳುತ್ತ ಬರುವಂಥದು. ಮಾನ್ಯತೆಯೂ ಶಾಶ್ವತವಲ್ಲ ಎಂಬುದಕ್ಕೆ ಮೈಸೂರಿನವರಿಗೆ ಹೊರಗಿನ ಉದಾಹರಣೆ ಬೇಕಿಲ್ಲ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ (ಕರಾಮುವಿ) ಮಾನ್ಯತೆ 2012-13ಕ್ಕೇ ಮುಗಿದಿದೆ ಎಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ಅದು ಮರಳಿ ಸಿಕ್ಕಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ವಿದ್ಯಾರ್ಥಿಗಳು ಪಟ್ಟ ಪಾಡು ಕಲಿಸುವ ಪಾಠ ಇಷ್ಟೇ: ವಿಶ್ವವಿದ್ಯಾನಿಲಯದ ಹೆಸರನ್ನಷ್ಟೇ ನೋಡಬೇಡಿ, ಈ ಕೋರ್ಸಿಗೆ, ಈ ವರ್ಷಕ್ಕೆ, ಈ ಕ್ರಮದ ಓದಿಗೆ ಮಾನ್ಯತೆ ಇದೆಯೇ ಎಂದು ನೋಡಿ.

ತಪ್ಪು ಕಲ್ಪನೆ 4: ಇಲ್ಲಿಯ ಎಂ.ಎಸ್ಸಿ. ಇದ್ದರೆ ಅಮೆರಿಕದಲ್ಲಿ ಕೌನ್ಸೆಲರ್ ಆಗಬಹುದು.

ಸತ್ಯ: ಅಲ್ಲಿ ಲೈಸೆನ್ಸ್ ಕೊಡುವುದು ಕೇಂದ್ರ ಸರ್ಕಾರವಲ್ಲ, ಒಂದೊಂದು ರಾಜ್ಯ. ಕೌನ್ಸೆಲರ್ ಲೈಸೆನ್ಸಿನ ಕಾನೂನನ್ನು ಎಲ್ಲ ರಾಜ್ಯಗಳಿಗಿಂತ ಕೊನೆಗೆ ಕ್ಯಾಲಿಫೋರ್ನಿಯಾ ತಂದದ್ದು 2009ರಲ್ಲಿ. ಕೌನ್ಸೆಲಿಂಗ್ ಕೋರ್ಸುಗಳನ್ನು ಪರಿಶೀಲಿಸುವ ಸಿಎಸಿಆರ್‌ಇಪಿ ಎಂಬ ಸಂಸ್ಥೆ 1981ರಿಂದ ಇದೆ. ಸಾಮಾನ್ಯವಾಗಿ ರಾಜ್ಯಗಳು ಪದವಿಯ ಜೊತೆಗೆ ಪರೀಕ್ಷೆಯನ್ನೂ, ಸಾವಿರಾರು ಗಂಟೆಗಳ ಮೇಲ್ವಿಚಾರಣೆಯ ಕೆಲಸವನ್ನೂ ಕೇಳುತ್ತವೆ. ಅಲ್ಲಿಗೆ ಹೋಗುವ ಆಲೋಚನೆ ಇದ್ದವರು ಯಾವ ರಾಜ್ಯಕ್ಕೆ ಎಂಬುದನ್ನು ಮೊದಲು ನಿಶ್ಚಯಿಸಿ, ಆ ರಾಜ್ಯದ ನಿಯಮ ಓದಿದ ಮೇಲೆ ಇಲ್ಲಿ ಕೋರ್ಸ್ ಆರಿಸಬೇಕು.

ಇದಕ್ಕೆಲ್ಲ ಒಂದು ಆಕ್ಷೇಪವಿದೆ, ಅದು ಹಗುರವಾದದ್ದೂ ಅಲ್ಲ. ತಜ್ಞರೇ ವಿರಳವಾದ ತಾಲ್ಲೂಕುಗಳಲ್ಲಿ ಪರವಾನಗಿಯ ಹಟ ಹಿಡಿದರೆ ಇರುವ ನೆರವೂ ತಪ್ಪುವುದಿಲ್ಲವೇ? ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಕಾರ್ಯಕರ್ತರಿಗೆ ತರಬೇತಿ ಕೊಟ್ಟೇ ಯಶಸ್ಸು ಕಂಡಿತು. ಮುಂದೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಮನೋವೈದ್ಯ ಸಿ.ಆರ್. ಚಂದ್ರಶೇಖರ್ ಸಾಮಾನ್ಯರನ್ನು ಆಪ್ತಸಲಹೆಗೆ ಸಜ್ಜುಗೊಳಿಸುತ್ತ ಬಂದಿದ್ದಾರೆ. ಆದರೆ ಈ ಎರಡೂ ಕಡೆ ತರಬೇತಿ ಪಡೆದವರ ಬೆನ್ನಿಗೆ ತಜ್ಞರಿದ್ದರು, ಕೈಮೀರಿದ ಪ್ರಕರಣವನ್ನು ಯಾರಿಗೆ ಒಪ್ಪಿಸಬೇಕೆಂಬುದು ಗೊತ್ತಿತ್ತು. ಕಾನೂನು ತಡೆಯುವುದು ಸಾಂತ್ವನದ ಮಾತನ್ನಲ್ಲ. ತಜ್ಞರೆಂಬ ಸೋಗಿನಲ್ಲಿ ರೋಗ ನಿರ್ಣಯ ಮಾಡಿ ಹಣ ಪಡೆಯುವುದನ್ನು. ನೋಂದಣಿ ಇದ್ದ ಮಾತ್ರಕ್ಕೆ ಜಾಣ್ಮೆ ಬರುವುದಿಲ್ಲ ಎನ್ನುವವರ ಮಾತೂ ನಿಜ. ಆದರೆ ನೋಂದಾಯಿತರು ತಪ್ಪಿದರೆ ದೂರು ಕೊಡಲು ಒಂದು ಪರಿಷತ್ತು ಇರುತ್ತದೆ. ಬಡವರಿಗೆ, ಹಳ್ಳಿಯವರಿಗೆ ಆ ರಕ್ಷಣೆ ಪೇಟೆಯವರಿಗಿಂತ ಹೆಚ್ಚು ಬೇಕು.

ಆದ್ದರಿಂದ ಶುಲ್ಕ ಕಟ್ಟುವ ಮೊದಲು ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಿ ಪಡೆಯಿರಿ: ಈ ಕೋರ್ಸಿಗೆ ಈ ವರ್ಷ ಯಾರ ಮಾನ್ಯತೆ ಇದೆ? ಮೇಲ್ವಿಚಾರಣೆಯ ತರಬೇತಿ ಎಷ್ಟು ಗಂಟೆ, ಯಾವ ಆಸ್ಪತ್ರೆಯಲ್ಲಿ? ಮುಗಿಸಿದವರು ಯಾವ ರಿಜಿಸ್ಟರ್‌ನಲ್ಲಿ, ಯಾವ ಹೆಸರಿನಿಂದ ನೋಂದಾಯಿಸಬಹುದು? ಮೂರಕ್ಕೂ ಉತ್ತರ ಕೊಡಲಾಗದ ಸಂಸ್ಥೆಗೆ ದುಡ್ಡು ಕಟ್ಟಬೇಡಿ.