ಒಂದು ಮುಂಗಾರು, ಒಂದು ಪ್ರಶ್ನೆ: ವಿದ್ಯಾರ್ಥಿಗಳು ಲೇಖಸೂಚಿ ಭಂಡಾರಗಳನ್ನು ಉಪಯೋಗಿಸುವ ಕ್ರಮ

ಖಾನಾಪುರ ತಾಲ್ಲೂಕಿನಲ್ಲಿ ಬತ್ತದ ಬೇಸಾಯವು ಒಂದೇ ತೆರನಾದುದಲ್ಲವೆಂಬುದನ್ನು ವಾಚಕರು ಬಲ್ಲರು. ಮಲಪ್ರಭೆಯು ಹುಟ್ಟುವ ಕಣಕುಂಬಿಯ ಕಡೆ ಮಳೆಯು ವಿಪರೀತ. ಬೆಳಗಾವಿಯ ಕಡೆಗೆ ಬಂದಂತೆಲ್ಲ ಅದು ಕಡಮೆಯಾಗುತ್ತ ಬಂದು, ಮುಂಗಾರಿನ ಮೊದಲ ಹದಕ್ಕೆ ಒಣ ಭೂಮಿಯಲ್ಲಿಯೇ ಕೂರಿಗೆಯಿಂದ ಬತ್ತವನ್ನು ಬಿತ್ತುವ ಪದ್ಧತಿಯು ಕಾಣಬರುವುದು. ಈ ಕೂರಿಗೆ ಬತ್ತಕ್ಕೆ ಕಳೆಯೇ ದೊಡ್ಡ ಶತ್ರು. ನಾಟಿಯ ಗದ್ದೆಯಲ್ಲಿ ನಿಂತ ನೀರು ಕಳೆಯನ್ನು ಅಡಗಿಸುತ್ತದೆ. ಇಲ್ಲಿಯಾದರೋ ಬತ್ತವೂ ಊದಲಿನ ಜಾತಿಯ ಹುಲ್ಲುಗಳೂ ಒಟ್ಟಿಗೆ ಮೊಳೆತು ಒಟ್ಟಿಗೆ ಬೆಳೆಯುತ್ತವೆ.

ಈ ಬೇಸಗೆಯಲ್ಲಿ ಬೆಳಗಾವಿಯ ವಿದ್ಯಾರ್ಥಿಯೊಬ್ಬನು ನಮ್ಮ ಕಚೇರಿಗೆ ಬಂದನು. ಖಾನಾಪುರದ ಸಮೀಪದ ರೈತರೊಬ್ಬರು ಅವನ ಪ್ರಯೋಗಕ್ಕೆ 5 ಗುಂಟೆ ಭೂಮಿಯನ್ನು ಬಿಡಲು ಒಪ್ಪಿದ್ದರು. ಅವನು ಬರೆದು ತಂದಿದ್ದ ಪ್ರಶ್ನೆ ಹೀಗಿತ್ತು: "ಖಾನಾಪುರದಲ್ಲಿ ಬತ್ತದ ಇಳುವರಿಯನ್ನು ಹೆಚ್ಚಿಸುವುದು ಹೇಗೆ?" ಇದಕ್ಕೆ ಉತ್ತರ ಹುಡುಕುವುದಕ್ಕಾಗಿಯೇ ಒಂದು ಇಲಾಖೆಯಿದೆಯಲ್ಲಪ್ಪಾ ಎಂದು ನಕ್ಕೆನು. ಆದರೆ ಅದು ನಗುವ ವಿಷಯವಾಗಿರಲಿಲ್ಲ. ಅವನಿಗೆ ಇದ್ದುದು ಒಂದೇ ಮುಂಗಾರು. ತಪ್ಪು ಪ್ರಶ್ನೆಯನ್ನು ಬಿತ್ತಿದರೆ ಅವನ ವರ್ಷವೂ ರೈತರ 5 ಗುಂಟೆಯೂ ಕೂಡಿಯೇ ಹಾಳಾಗತಕ್ಕವು.

ಅಂತರ್ಜಾಲದಲ್ಲಿ ಈಗ ಸಂಶೋಧನ ಲೇಖನಗಳ ಸೂಚಿಗಳು ಬೇಕಾದಷ್ಟಿವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರ 'ಆಗ್ರಿಸ್', ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನವರ 'ಕೃಷಿಕೋಶ', 2004ರಲ್ಲಿ ಆರಂಭವಾದ 'ಗೂಗಲ್ ಸ್ಕಾಲರ್' ಇವು ಧರ್ಮಾರ್ಥವಾಗಿ ಹುಡುಕಲು ದೊರೆಯುತ್ತವೆ. 'ಕ್ಯಾಬ್ ಆಬ್‌ಸ್ಟ್ರಾಕ್ಟ್ಸ್' ಹಣ ತೆರತಕ್ಕದ್ದು. ಅದನ್ನು ದೊಡ್ಡ ಗ್ರಂಥಾಲಯಗಳಲ್ಲಿ ವಿಚಾರಿಸಬೇಕು.

ವಿದ್ಯಾರ್ಥಿಯು ಮೊದಲು 'ರೈಸ್', 'ವೀಡ್' ಎಂಬೆರಡೇ ಶಬ್ದಗಳನ್ನು ಕೊಟ್ಟು ಹುಡುಕಲಾಗಿ, ಜನ್ಮವೆಲ್ಲ ಓದಿದರೂ ಮುಗಿಯದಷ್ಟು ಲೇಖನಗಳು ಬಂದವು. ತೊಡಕು ಇರುವುದು ಶಬ್ದದಲ್ಲಿಯೇ. ನಾವು ಕೂರಿಗೆ ಬತ್ತವೆನ್ನುವುದನ್ನು ಧಾರವಾಡದ ಪಂಡಿತರು 'ಡ್ರಿಲ್ ಸೋನ್' ಎಂದೂ, ಇತರರು 'ಡ್ರೈ ಸೀಡೆಡ್' ಎಂದೂ, 'ಡೈರೆಕ್ಟ್ ಸೀಡೆಡ್' ಎಂದೂ ಬರೆಯುತ್ತಾರೆ. ಇವುಗಳಲ್ಲಿ ಒಂದನ್ನು ಬಿಟ್ಟರೂ ಆ ಹೆಸರಿನ ಕೆಲಸವೆಲ್ಲ ಕಣ್ಣಿಗೆ ಬೀಳದೆ ಹೋಗುವುದು. ಆದುದರಿಂದ ಸಮಾನಾರ್ಥಕಗಳನ್ನು 'ಆರ್' ಎಂಬುದರಿಂದ ಕೂಡಿಸಿ ಕಂಸದಲ್ಲಿಟ್ಟು, ಬೇರೆ ವಿಷಯವನ್ನು 'ಆಂಡ್' ಎಂಬುದರಿಂದ ಸೇರಿಸಬೇಕು. ಜೋಡಿಶಬ್ದಗಳಿಗೆ ಉದ್ಧರಣ ಚಿಹ್ನೆಯನ್ನು ಹಾಕಬೇಕು. 'ಆರ್' ಬಲೆಯನ್ನು ಅಗಲಮಾಡುತ್ತದೆ, 'ಆಂಡ್' ಕಣ್ಣಿಯನ್ನು ಕಿರಿದುಮಾಡುತ್ತದೆ. ಯಾವ ವಿಷಯಕ್ಕೆ ಯಾವ ಶಬ್ದವೆಂದು ತೋಚದಿದ್ದಲ್ಲಿ ಆಗ್ರಿಸ್‌ಗೆ ಆಧಾರವಾದ 'ಆಗ್ರೋವಾಕ್' ಎಂಬ ಬಹುಭಾಷಾ ಪದಕೋಶವನ್ನು ನೋಡತಕ್ಕದ್ದು.

ಹೀಗೆ ಸೋಸಿದ ಮೇಲೆಯೂ ಒಂದು ಮೋಸವಿತ್ತು. ಬಂದವುಗಳಲ್ಲಿ ಪಂಜಾಬು ಹರಿಯಾಣಗಳ ಲೇಖನಗಳೇ ಬಹಳ. ಅಲ್ಲಿ ಬತ್ತವನ್ನು ಒಣಗಿ ಬಿತ್ತಿದರೂ ನೀರು ರೈತನ ಕೈಯಲ್ಲಿರುವುದು. ಖಾನಾಪುರದಲ್ಲಿ ಅದು ಆಕಾಶದ ಕೈಯಲ್ಲಿ. ವಿದ್ಯಾರ್ಥಿಯು ಅವುಗಳನ್ನು ಓದಿ, ಯಾವ ಕಳೆನಾಶಕವು ಉತ್ತಮವೆಂಬುದನ್ನೇ ತನ್ನ ಪ್ರಶ್ನೆಯಾಗಿ ಮಾಡಿಕೊಳ್ಳುವುದರಲ್ಲಿದ್ದನು. ಆ ಬಗೆಯ ಕೆಲಸವು ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಹಿಂದೆಯೇ ನಡೆದಿದೆ ಎಂಬುದು ಪ್ರೌಢಪ್ರಬಂಧಗಳನ್ನು ನೋಡಿದ ಬಳಿಕವೇ ಅವನಿಗೆ ತಿಳಿದುದು.

ಆಗ ನಾನು ಅವನಿಗೆ ಒಂದು ಪಟ್ಟಿಯನ್ನು ಬರೆಯಹೇಳಿದೆನು. ಪ್ರತಿಯೊಂದು ಲೇಖನಕ್ಕೂ ಊರು, ಮಣ್ಣು, ನೀರು, ಕಳೆ ತೆಗೆದ ದಿನ, ಅಳೆದುದು ಏನು ಎಂಬ ಐದು ಅಂಕಣಗಳು. ಸಾರಾಂಶವನ್ನು ಮಾತ್ರ ನಂಬದೆ ಪ್ರಯೋಗದ ವಿಧಾನವನ್ನು ಓದಿಯೇ ಅಂಕಣಗಳನ್ನು ತುಂಬಬೇಕೆಂದು ಕಟ್ಟುಮಾಡಿದೆನು. ಈ ಕೆಲಸವು ಬೇಸರದ್ದು. ಆದರೆ ನನ್ನ ಅನುಭವದಲ್ಲಿ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಅವನು ಓದಿದ ಲೇಖನಗಳಲ್ಲಿ ಕಳೆಯನ್ನು ಗೊತ್ತುಮಾಡಿದ ದಿನಕ್ಕೇ ತೆಗೆದಿದ್ದರು. ಅದೇ ವಾರ ಹೊಲಕ್ಕೆ ಹೋದಾಗ ರೈತರು, "ಎಡಿ ಯಾವಾಗ ಹೊಡೀಬೇಕಂತ ನನಗ ಗೊತ್ತದರೀ ಸಾಹೇಬ್ರ, ಮಳಿ ಬಿಡಬೇಕಲ್ಲ?" ಎಂದರು. ಜಡಿಮಳೆ ಹಿಡಿದರೆ ಹಸಿನೆಲದಲ್ಲಿ ಎಡೆಕುಂಟೆಯು ನಡೆಯದು. ಲೇಖನಗಳಲ್ಲಿ ಗೊತ್ತಾದ ದಿನ, ಹೊಲದಲ್ಲಿ ತಪ್ಪಿಹೋಗುವ ದಿನ. ಇವೆರಡರ ನಡುವಿನ ತೆರಪು ವಿದ್ಯಾರ್ಥಿಗೆ ಆಗ ಕಂಡಿತು.

ಈಗ ಅವನ ಪ್ರಶ್ನೆಯು ಇದು: ಕೂರಿಗೆ ಬತ್ತಕ್ಕೆ ಮೊದಲನೆಯ ಎಡೆಯು 20ನೆಯ ದಿನಕ್ಕೆ ಬದಲಾಗಿ 30ನೆಯ ದಿನಕ್ಕೆ ಬಿದ್ದಲ್ಲಿ ಆಗುವ ನಷ್ಟವನ್ನು, ಆ ಮೇಲೆ ಒಂದು ಸಲ ಕೈಯಿಂದ ಕಳೆ ಕೀಳಿಸುವುದರಿಂದ ಎಷ್ಟರಮಟ್ಟಿಗೆ ತುಂಬಿಕೊಳ್ಳಬಹುದು? ಎರಡು ದಿನಗಳು, ಕೈಗಳೆಯಿರುವುದು ಇಲ್ಲದಿರುವುದು. ಹೀಗೆ ನಾಲ್ಕು ಉಪಚಾರ, ಐದು ಪುನರಾವೃತ್ತಿ, ಒಟ್ಟು 20 ಮಡಿಗಳು. 5 ಗುಂಟೆಯಲ್ಲಿ ಇದು ಹಿಡಿಸುವುದು.

ಇಂಥದು ಯಾರೂ ಮಾಡಿಲ್ಲವೆಂದು ಬರೆಯಲು ಅವನು ಆತುರಪಟ್ಟನು. ನಾನು ಬಿಡಲಿಲ್ಲ. ಸೂಚಿಯಲ್ಲಿ ಸಿಗದಿರುವುದೂ ಮಾಡದಿರುವುದೂ ಒಂದೇ ಅಲ್ಲ. ಹಳೆಯ ವಾರ್ಷಿಕ ವರದಿಗಳಲ್ಲಿ ಗಣಕಯಂತ್ರಕ್ಕೆ ಏರದೆ ಉಳಿದವುಗಳುಂಟು. ಅವನು ಧಾರವಾಡಕ್ಕೆ ಹೋಗಿ ಎರಡು ದಿನ ಆ ಕಡತಗಳ ಧೂಳು ಕೊಡವಿ ಬಂದು, "ನಾನು ಹುಡುಕಿದ ಕಡೆಗಳಲ್ಲಿ ಕಾಣಲಿಲ್ಲ" ಎಂದು ತಿದ್ದಿಕೊಂಡನು. ಎಲ್ಲೆಲ್ಲಿ, ಯಾವ ಶಬ್ದಗಳಿಂದ, ಯಾವ ದಿನ ಹುಡುಕಿದನೆಂಬುದನ್ನೂ ಬರೆದಿಟ್ಟನು.

ತಡವಾದ ಎಡೆಯ ಮಡಿಗಳಲ್ಲಿ ಕಡಮೆ ಬರುವ ಬತ್ತಕ್ಕೆ ಪೇಟೆಯ ಬೆಲೆ ಕಟ್ಟಿ ಕೊಡುವುದಾಗಿ ರೈತರೊಡನೆ ಒಪ್ಪಂದವಾಗಿದೆ. ಗೂಟಗಳನ್ನು ನೆಟ್ಟಾಗಿದೆ, ಕೂರಿಗೆಯನ್ನು ರೈತರೇ ಕೊಡುತ್ತಾರೆ. ಮಡಿವಾರು ತೂಕಗಳು ಬಂದ ಬಳಿಕ ಅವುಗಳನ್ನು ಈ ಪತ್ರಿಕೆಗೆ ಕಳುಹಿಸುವೆನು.