ಹಬ್ಬದಿರುಳಿನ ದಾಳಿ: ದಂಡವೂ ಭೇದವೂ

ನಿಮ್ಮ ಮನೆಯಲ್ಲಿ ರೇಡಿಯೊ ಉಂಟು. ಒಂದು ರಾತ್ರಿ ಹೊರಗೆ ಗುಂಡಿನ ಶಬ್ದ ಕೇಳಿ ನಿಮಗೆ ಎಚ್ಚರವಾಯಿತೆನ್ನಿ. ಬೀದಿಗೆ ಇಳಿಯಲು ಧೈರ್ಯವಿಲ್ಲ; ನೆರೆಮನೆಯವರನ್ನು ಕೂಗಿ ಕೇಳುವಂತಿಲ್ಲ. ಆಗ ನೀವು ರೇಡಿಯೊದ ಕಿವಿ ಹಿಂಡುತ್ತೀರಿ. ಅದರಿಂದ ಯಾರ ದನಿ ಬರುತ್ತದೆಯೋ ಅವರ ಕೈಯಲ್ಲಿ ಊರಿದೆ ಎಂದು ನಂಬುತ್ತೀರಿ.

ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನಿಗೆ ಇಂಥ ರಾತ್ರಿಯೊಂದು ಬಂದಿತು. 1968ನೆಯ ಇಸವಿ ಜನವರಿ 31ರ ಬೆಳಗಿನ ಜಾವ ಬಂಡಾಯಗಾರರ ತಂಡವೊಂದು ಅಲ್ಲಿನ ರೇಡಿಯೊ ನಿಲಯಕ್ಕೆ ನುಗ್ಗಿ ಅದನ್ನು ಹಿಡಿದುಕೊಂಡಿತು. ತಂಡದವರು ಬಂದೂಕುಗಳ ಜೊತೆಗೆ ಒಂದು ಧ್ವನಿಮುದ್ರಿತ ಸುರುಳಿಯನ್ನೂ ತಂದಿದ್ದರು. ಸೈಗಾನ್ ವಿಮೋಚನೆಗೊಂಡಿತು, ಜನರೆಲ್ಲ ಎದ್ದು ಬನ್ನಿ ಎಂಬ ಹೋ ಚಿ ಮಿನ್ ಅವರ ಸಂದೇಶ ಅದರಲ್ಲಿತ್ತು. ಆದರೆ ಸಂದೇಶ ಯಾರಿಗೂ ಕೇಳಿಸಲಿಲ್ಲ. ಮಾತನಾಡುವ ಕೋಣೆ ನಗರದೊಳಗೆ, ಪ್ರಸಾರ ಮಾಡುವ ಟ್ರಾನ್ಸ್‌ಮಿಟರ್ ಅಲ್ಲಿಂದ ದೂರದಲ್ಲಿ. ಎರಡರ ನಡುವಣ ಸಂಪರ್ಕವನ್ನು ನಿಲಯದವರು ಮೊದಲೇ ಮಾಡಿಕೊಂಡಿದ್ದ ಏರ್ಪಾಡಿನಂತೆ ಕಡಿದುಬಿಟ್ಟಿದ್ದರು. ಟ್ರಾನ್ಸ್‌ಮಿಟರ್ ಬಳಿ ಇಟ್ಟಿದ್ದ ಸಂಗೀತದ ಸುರುಳಿಗಳೇ ಆ ಹೊತ್ತು ಪ್ರಸಾರವಾದವು. ನಿಲಯವನ್ನು ಹಿಡಿದವರು ಕೆಲವು ಗಂಟೆ ಹೋರಾಡಿ ಮಡಿದರು.

ಬಂದೂಕು ಹಿಡಿದು ಬಂದವನಿಗೆ ಸುರುಳಿ ಏಕೆ ಬೇಕಾಯಿತು? ಈ ಒಂದು ಪ್ರಶ್ನೆಗೆ ಉತ್ತರ ಹುಡುಕಿದರೆ ಬಂಡಾಯದ ಯುದ್ಧವೆಂದರೇನು ಎಂಬುದು ತಿಳಿಯುತ್ತದೆ. ನಮ್ಮ ಹಿಂದಿನವರು ರಾಜನೀತಿಗೆ ನಾಲ್ಕು ಉಪಾಯಗಳನ್ನು ಹೇಳಿದರು: ಸಾಮ, ದಾನ, ಭೇದ, ದಂಡ. ಕೌಟಿಲ್ಯನಂತೂ ಬಯಲಿನಲ್ಲಿ ನಡೆಯುವ ಪ್ರಕಾಶಯುದ್ಧವನ್ನು ಬೇರೆ, ಮರೆಯಲ್ಲಿ ನಡೆಯುವ ಕೂಟಯುದ್ಧವನ್ನು ಬೇರೆ ಎಂದು ವಿಂಗಡಿಸಿದ್ದಾನೆ. ಬಲದಲ್ಲಿ ಕಡಮೆಯಾದವನು ದಂಡವನ್ನು ಎತ್ತುವಾಗ ಅವನ ಗುರಿ ಬಹುಮಟ್ಟಿಗೆ ಭೇದವೇ ಆಗಿರುತ್ತದೆ. ಎದುರಾಳಿಯ ಸೈನ್ಯವನ್ನು ಮುರಿಯಲಾಗದಿದ್ದರೂ, ಆ ಸೈನ್ಯಕ್ಕೂ ಅದನ್ನು ಕಳುಹಿಸಿದ ಜನಕ್ಕೂ ನಡುವೆ ಬಿರುಕು ಹುಟ್ಟಿಸಬಹುದು. ವಿಯೆಟ್ನಾಮಿನ ಬಂಡಾಯಗಾರರು ಸಶಸ್ತ್ರ ಹೋರಾಟ, ರಾಜಕೀಯ ಹೋರಾಟ ಎಂಬ ಎರಡನ್ನೂ ಒಂದೇ ಇಕ್ಕಳದ ಎರಡು ಬಾಯಿಗಳೆಂದು ಬಗೆದಿದ್ದರು.

ಮೊದಲು ಹಿನ್ನೆಲೆಯನ್ನಷ್ಟು ತಿಳಿಯೋಣ. 1954ರಲ್ಲಿ ಫ್ರೆಂಚರು ಸೋತ ಮೇಲೆ ಜಿನೀವಾ ಒಪ್ಪಂದದಂತೆ ವಿಯೆಟ್ನಾಂ 17ನೆಯ ಅಕ್ಷಾಂಶದ ಬಳಿ ಎರಡು ಪಾಲಾಯಿತು. ಒಪ್ಪಂದದ ಪಾಲನೆಯನ್ನು ನೋಡಿಕೊಳ್ಳಲು ನೇಮಕವಾದ ಅಂತರರಾಷ್ಟ್ರೀಯ ಆಯೋಗದಲ್ಲಿ ಕೆನಡ, ಪೋಲೆಂಡುಗಳ ಜೊತೆ ನಮ್ಮ ಭಾರತವೂ ಇದ್ದಿತು, ಅಧ್ಯಕ್ಷಸ್ಥಾನ ಭಾರತದ್ದೇ. ಎರಡು ವರ್ಷದಲ್ಲಿ ನಡೆಯಬೇಕಾಗಿದ್ದ ಚುನಾವಣೆ ನಡೆಯಲಿಲ್ಲ. ಉತ್ತರದಲ್ಲಿ ಹ್ಯಾನೋಯಿಯ ಕಮ್ಯುನಿಸ್ಟ್ ಸರ್ಕಾರ, ದಕ್ಷಿಣದಲ್ಲಿ ಅಮೆರಿಕದ ಬೆಂಬಲದ ಸೈಗಾನ್ ಸರ್ಕಾರ. 1960ರ ಡಿಸೆಂಬರಿನಲ್ಲಿ ದಕ್ಷಿಣದ ಬಂಡಾಯಗಾರರು ಹ್ಯಾನೋಯಿಯ ಆಶ್ರಯದಲ್ಲಿ ರಾಷ್ಟ್ರೀಯ ವಿಮೋಚನಾ ರಂಗವನ್ನು ಕಟ್ಟಿದರು. ವಿಯೆಟ್ ಕಾಂಗ್ ಎಂಬುದು ಅವರಿಗೆ ಎದುರಾಳಿಗಳು ಇಟ್ಟ ಹೆಸರು.

ಇವರ ಒತ್ತಡ ಮೊದಲು ಬಿದ್ದದ್ದು ಹಳ್ಳಿಯ ಮೇಲೆ. ಎಷ್ಟೋ ಹಳ್ಳಿಗಳಲ್ಲಿ ಹಗಲು ಸರ್ಕಾರದ ಆಳಿಕೆ, ಇರುಳು ಬಂಡಾಯಗಾರರ ಆಳಿಕೆ. ಅವರು ಜಮೀನ್ದಾರರ ಭೂಮಿಯನ್ನು ಗೇಣಿದಾರರಿಗೆ ಹಂಚಿದರು. ಭತ್ತದ ರೂಪದಲ್ಲಿ ತೆರಿಗೆ ಎತ್ತಿದರು. ಹುಡುಗರನ್ನು ದಳಕ್ಕೆ ಸೇರಿಸಿಕೊಂಡರು. ಸರ್ಕಾರದ ಕಡೆಯವರೆಂದು ಕಂಡ ಗ್ರಾಮಾಧಿಕಾರಿಗಳನ್ನೂ, ಒಮ್ಮೊಮ್ಮೆ ಶಾಲೆಯ ಉಪಾಧ್ಯಾಯರನ್ನೂ ಕೊಂದರು. ಇದನ್ನು ತಡೆಯಲು ಸರ್ಕಾರ 1962ರಿಂದ ರೈತರನ್ನು ಹಿರಿಯರ ಸಮಾಧಿಗಳಿರುವ ನೆಲದಿಂದ ಎಬ್ಬಿಸಿ, ಬೇಲಿ ಹಾಕಿದ ಹೊಸ ಊರುಗಳಿಗೆ ಸಾಗಿಸಿತು. ಅದರಿಂದ ರೈತರ ಮುನಿಸು ಇನ್ನೂ ಹೆಚ್ಚಿತು. ಇಬ್ಬರು ಯಜಮಾನರ ನಡುವೆ ಸಿಕ್ಕ ರೈತನಿಗೆ ಯಾರ ಪಕ್ಷ ಹಿಡಿದರೂ ಭಯ ತಪ್ಪಿದ್ದಲ್ಲ.

1965ರಲ್ಲಿ ಅಮೆರಿಕದ ಕಾಲ್ದಳಗಳು ಇಳಿದವು. 1967ರ ಕೊನೆಗೆ ಅಲ್ಲಿದ್ದ ಅಮೆರಿಕದ ಸೈನಿಕರ ಸಂಖ್ಯೆ 5 ಲಕ್ಷದ ಸಮೀಪಕ್ಕೆ ಬಂದಿತ್ತು. ಅಮೆರಿಕದಲ್ಲಿ ಯುದ್ಧದ ಬಗೆಗೆ ಸಂಶಯ ಆಗಲೇ ಮೊಳೆತಿತ್ತು. ಅದನ್ನು ಅಡಗಿಸಲೆಂದು ಸರ್ಕಾರ ಸೇನಾಪತಿ ವೆಸ್ಟ್‌ಮೋರ್‌ಲೆಂಡರನ್ನು ಸ್ವದೇಶಕ್ಕೆ ಕರೆಸಿತು. ಅವರು ನವೆಂಬರ್ 21ರಂದು ವಾಷಿಂಗ್ಟನ್ನಿನ ಪತ್ರಕರ್ತರ ಮುಂದೆ, ಯುದ್ಧದ ಕೊನೆ ಕಣ್ಣಿಗೆ ಕಾಣತೊಡಗಿದೆ ಎಂಬ ಅರ್ಥದ ಮಾತನ್ನಾಡಿದರು. ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಆದ ರಾಜಕೀಯ ಪರಿಣಾಮಕ್ಕೆಲ್ಲ ಬೀಜ ಇಲ್ಲಿದೆ.

ಅತ್ತ ಹ್ಯಾನೋಯಿಯಲ್ಲಿ ಪಕ್ಷದ ಮುಖಂಡ ಲೆ ಜುವಾನರ ಪ್ರೇರಣೆಯಿಂದ ಒಂದು ಯೋಜನೆ ಸಿದ್ಧವಾಗಿತ್ತು. ಅದರ ಹೆಸರು ಮಹಾ ಆಕ್ರಮಣ, ಮಹಾ ಉತ್ಥಾನ. ದಕ್ಷಿಣದ ಪಟ್ಟಣಗಳ ಮೇಲೆಲ್ಲ ಏಕಕಾಲಕ್ಕೆ ಬೀಳುವುದು. ಆಗ ಸೈಗಾನಿನ ಸೈನ್ಯ ಚದುರುತ್ತದೆ, ಜನ ದಂಗೆಯೇಳುತ್ತಾರೆ, ಸರ್ಕಾರ ಕುಸಿಯುತ್ತದೆ ಎಂಬುದು ಅವರ ಲೆಕ್ಕ. ರೇಡಿಯೊ ನಿಲಯಕ್ಕೆ ಒಯ್ದ ಸುರುಳಿ ಈ ಉತ್ಥಾನದ ಕರೆಯೇ. ಜನವರಿ 21ರಿಂದ ಗಡಿಯ ಬಳಿಯ ಖೆಸಾನ್ ಎಂಬ ಅಮೆರಿಕದ ನೆಲೆಗೆ ಮುತ್ತಿಗೆ ಬಿದ್ದಿತು. ಅಮೆರಿಕದ ದೃಷ್ಟಿಯೆಲ್ಲ ಅತ್ತ ನೆಟ್ಟಿತು. ಅಷ್ಟರಲ್ಲಿ ತರಕಾರಿ, ಹೂವು ತುಂಬಿದ ಗಾಡಿಗಳ ಅಡಿಯಲ್ಲಿ ಆಯುಧಗಳು ಪಟ್ಟಣಗಳೊಳಕ್ಕೆ ಬಂದಿದ್ದವು.

ಆರಿಸಿದ ದಿನ ಟೆಟ್ ಹಬ್ಬ. ಇದು ಚಾಂದ್ರಮಾನದ ಹೊಸ ವರ್ಷ. ನಮ್ಮ ಯುಗಾದಿಯ ಸೋದರನೆನ್ನಬಹುದು. ಮನೆ ಸಾರಿಸಿ, ಹಿರಿಯರಿಗೆ ಎಡೆಯಿಟ್ಟು, ವರ್ಷದ ಮೊದಲ ಅತಿಥಿಯ ಕಾಲ್ಗುಣ ನೋಡುವ ಹಬ್ಬ; ಆ ಕಾಲದಲ್ಲಿ ಪಟಾಕಿಯನ್ನೂ ಸುಡುತ್ತಿದ್ದರು. ಎರಡು ಪಕ್ಷಗಳೂ ಕದನವಿರಾಮ ಸಾರಿದ್ದವು. ದಕ್ಷಿಣದ ಸೈನಿಕರಲ್ಲಿ ಅರ್ಧದಷ್ಟು ಮಂದಿ ರಜೆಯ ಮೇಲೆ ಊರಿಗೆ ಹೋಗಿದ್ದರು. ಕ್ವಾಂಗ್ ಚುಂಗ್ ಎಂಬ ಅರಸ 1789ರಲ್ಲಿ ಇದೇ ಹಬ್ಬದ ದಿನಗಳಲ್ಲಿ ಚೀನೀ ಸೈನ್ಯದ ಮೇಲೆ ಬಿದ್ದು ಗೆದ್ದದ್ದು ಆ ನಾಡಿನಲ್ಲಿ ಪ್ರಸಿದ್ಧವಾದ ಕಥೆ. ಆದರೂ ಎಚ್ಚರ ಸಾಲದಾಯಿತು.

ಇಲ್ಲಿ ಪಂಚಾಂಗದ ಒಂದು ಸ್ವಾರಸ್ಯವುಂಟು. ಒಂದೇ ಏಕಾದಶಿಯನ್ನು ಬೇರೆ ಬೇರೆ ದಿನ ಆಚರಿಸುವ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಉತ್ತರ ವಿಯೆಟ್ನಾಂ 1967ರಲ್ಲಿ ತನ್ನ ಪಂಚಾಂಗದ ಗಣಿತಕ್ಕೆ ಬೇರೆ ಪ್ರಮಾಣವೇಳೆಯನ್ನು ಹಿಡಿಯಿತು. ಆ ಬಾರಿ ಅಮಾವಾಸ್ಯೆಯ ಘಳಿಗೆ ನಡುರಾತ್ರಿಯ ಆಸುಪಾಸಿನಲ್ಲಿ ಬಿದ್ದುದರಿಂದ ಉತ್ತರದಲ್ಲಿ ಹಬ್ಬ ಜನವರಿ 29ಕ್ಕೆ, ದಕ್ಷಿಣದಲ್ಲಿ 30ಕ್ಕೆ ಬಂದಿತು. ದಾ ನಾಂಗ್, ನ್ಯಾ ಟ್ರಾಂಗ್ ಮೊದಲಾದ ನಡುನಾಡಿನ ಊರುಗಳಲ್ಲಿ ದಾಳಿ ಒಂದು ರಾತ್ರಿ ಮುಂಚೆಯೇ ಆರಂಭವಾದುದಕ್ಕೆ ಇದೇ ಕಾರಣವೆಂದು ಹಲವು ಇತಿಹಾಸಕಾರರ ಅಭಿಪ್ರಾಯ. ಕದನವಿರಾಮ ಕೂಡಲೇ ರದ್ದಾಯಿತು. ಆದರೆ ಊರಿಗೆ ಹೋದ ಸೈನಿಕರು ಒಂದೇ ದಿನದಲ್ಲಿ ಮರಳುವುದು ಹೇಗೆ?

ಮರುರಾತ್ರಿ ಪೂರ್ಣ ದಾಳಿ ನಡೆಯಿತು. ಸುಮಾರು 80 ಸಾವಿರ ಮಂದಿ ಬಂಡಾಯಗಾರರೂ ಉತ್ತರದ ಸೈನಿಕರೂ ಸೇರಿ, 44 ಪ್ರಾಂತಗಳ ಪೈಕಿ 36ರ ಮುಖ್ಯಪಟ್ಟಣಗಳನ್ನೂ ಒಳಗೊಂಡು, ನೂರಕ್ಕೂ ಮಿಕ್ಕಿದ ಊರುಗಳ ಮೇಲೆ ಬಿದ್ದರು. ಹಲವರು ಗುಂಡಿನ ಸದ್ದನ್ನು ಮೊದಲು ಪಟಾಕಿಯೆಂದೇ ತಿಳಿದರು. ಸೈಗಾನಿನಲ್ಲಿ 19 ಮಂದಿ ಅಮೆರಿಕದ ರಾಯಭಾರ ಕಚೇರಿಯ ಗೋಡೆಯನ್ನು ಸಿಡಿಸಿ ಆವರಣಕ್ಕೆ ನುಗ್ಗಿದರು. ಮುಖ್ಯ ಕಟ್ಟಡದೊಳಕ್ಕೆ ಅವರು ಕಾಲಿಡಲಾಗಲಿಲ್ಲ. ಸುಮಾರು ಆರು ಗಂಟೆಗಳಲ್ಲಿ ಎಲ್ಲ ಮುಗಿಯಿತು. ಆದರೆ ಕಟ್ಟಡವೇ ಅವರ ವಶವಾಯಿತೆಂಬ ಸುದ್ದಿ ಆ ವೇಳೆಗೆ ತಂತಿಯ ಮೂಲಕ ಹೊರಟುಹೋಗಿತ್ತು. ತಪ್ಪು ಸುದ್ದಿ ಕುದುರೆ ಏರಿ ಹೋದರೆ ತಿದ್ದುಪಡಿ ಕುಂಟುತ್ತ ಹಿಂದೆ ಬರುತ್ತದೆ.

ಹಳೆಯ ರಾಜಧಾನಿ ಹುಯೇ ನಗರದ ಪಾಡು ಬೇರೆ. ಅಲ್ಲಿನ ಕೋಟೆಯ ಮೇಲೆ ಬಂಡಾಯಗಾರರ ಬಾವುಟ 25 ದಿನ ಹಾರಿತು. ಅವರು ಹೆಸರುಗಳ ಪಟ್ಟಿಯನ್ನು ಹಿಡಿದು ಮನೆಮನೆ ಹುಡುಕಿದರು. ಮುಂದೆ ನೆಲದಡಿಯಿಂದ ಸುಮಾರು 2,800 ಶವಗಳು ಸಿಕ್ಕಿದವು. ನಗರವನ್ನು ಬಿಡಿಸಿಕೊಳ್ಳಲು ಹಾರಿಸಿದ ಫಿರಂಗಿ, ಬಾಂಬುಗಳಿಂದ ಊರಿನ ಹೆಚ್ಚು ಪಾಲು ಹಾಳಾಗಿ, ನಿವಾಸಿಗಳಲ್ಲಿ ಬಹುಮಂದಿಗೆ ಮನೆಯಿಲ್ಲದಾಯಿತು. ವಿಮೋಚಿಸುತ್ತೇವೆಂದು ಬಂದವರು ಒಂದು ಕಡೆ, ರಕ್ಷಿಸುತ್ತೇವೆಂದು ಬಂದವರು ಮತ್ತೊಂದು ಕಡೆ. ನಡುವೆ ಸತ್ತವರು ಹಬ್ಬಕ್ಕೆ ಮನೆ ಸಾರಿಸಿದ್ದ ಜನ.

ಸೈನ್ಯದ ಲೆಕ್ಕದಲ್ಲಿ ದಾಳಿ ಸೋತಿತು. ಹಿಡಿದ ಊರುಗಳಲ್ಲಿ ಒಂದೂ ಅವರ ಕೈಯಲ್ಲಿ ಉಳಿಯಲಿಲ್ಲ, ಜನ ದಂಗೆಯೇಳಲಿಲ್ಲ, ಸೈಗಾನಿನ ಸೈನ್ಯ ಚದುರಲಿಲ್ಲ. ದಾಳಿಕಾರರಲ್ಲಿ ಸತ್ತವರ ಎಣಿಕೆ ಹತ್ತಾರು ಸಾವಿರ. ಮೇ ಮತ್ತು ಆಗಸ್ಟಿನ ಎರಡನೆಯ, ಮೂರನೆಯ ಅಲೆಗಳಲ್ಲಿ ಇನ್ನಷ್ಟು ಮಂದಿ ಸತ್ತರು. ದಕ್ಷಿಣದ ಬಂಡಾಯಗಾರರು ಮೊದಲಿನ ಬಲಕ್ಕೆ ಮತ್ತೆ ಬರಲೇ ಇಲ್ಲ.

ರಾಜಕೀಯದ ಲೆಕ್ಕ ಬೇರೆಯಾಯಿತು. ಕೊನೆ ಕಾಣುತ್ತಿದೆ ಎಂದು ನವೆಂಬರಿನಲ್ಲಿ ಕೇಳಿದ ಅಮೆರಿಕದ ಗೃಹಸ್ಥ, ಜನವರಿಯ ಕೊನೆಗೆ ತನ್ನ ಮನೆಯ ಟೆಲಿವಿಷನ್ನಿನಲ್ಲಿ ತನ್ನದೇ ರಾಯಭಾರ ಕಚೇರಿಯ ಅಂಗಳದಲ್ಲಿ ಹೆಣಗಳನ್ನು ಕಂಡ. ಫೆಬ್ರವರಿ 1ರಂದು ಸೈಗಾನಿನ ಪೊಲೀಸ್ ಮುಖ್ಯಸ್ಥ ಬೀದಿಯಲ್ಲೇ ಸೆರೆಯಾಳೊಬ್ಬನ ತಲೆಗೆ ಗುಂಡಿಟ್ಟ ಚಿತ್ರವನ್ನು ಎಡ್ಡಿ ಆಡಮ್ಸ್ ಎಂಬ ಛಾಯಾಗ್ರಾಹಕ ತೆಗೆದ. ಅದು ಲೋಕದ ಪತ್ರಿಕೆಗಳಲ್ಲೆಲ್ಲ ಬಂದಿತು. ಫೆಬ್ರವರಿ 27ರಂದು ಜನರ ನಂಬಿಕೆ ಗಳಿಸಿದ್ದ ವಾರ್ತಾವಾಚಕ ವಾಲ್ಟರ್ ಕ್ರಾಂಕೈಟ್, ಈ ಯುದ್ಧ ಎತ್ತಲೂ ಸರಿಯದೆ ನಿಂತಿದೆ, ಮಾತುಕತೆಯೇ ದಾರಿ ಎಂದು ಅಭಿಪ್ರಾಯಪಟ್ಟರು. ಮಾರ್ಚ್ 10ರಂದು, ಇನ್ನೂ 2,06,000 ಸೈನಿಕರನ್ನು ಕೇಳಲಾಗಿದೆ ಎಂಬ ಗುಟ್ಟು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಗೆದ್ದಿದ್ದೇವೆ ಎನ್ನುವವರು ಇಷ್ಟು ಸೈನ್ಯವನ್ನು ಕೇಳುವುದೇಕೆ ಎಂದು ಜನ ಕೇಳಿದರು. ಎರಡು ದಿನಗಳ ಮೇಲೆ ನ್ಯೂ ಹ್ಯಾಂಪ್‌ಷೈರಿನ ಪ್ರಾಥಮಿಕ ಚುನಾವಣೆಯಲ್ಲಿ ಯುದ್ಧವಿರೋಧಿ ಯೂಜೀನ್ ಮೆಕಾರ್ಥಿ ನೂರಕ್ಕೆ 42ರಷ್ಟು ಮತ ಪಡೆದರು. ಮಾರ್ಚ್ 31ರ ರಾತ್ರಿ ಅಧ್ಯಕ್ಷ ಜಾನ್ಸನ್ನರು ಉತ್ತರದ ಬಹುಭಾಗದ ಮೇಲೆ ಬಾಂಬು ಸುರಿಯುವುದನ್ನು ನಿಲ್ಲಿಸುವುದಾಗಿಯೂ, ತಾವು ಮತ್ತೆ ಅಧ್ಯಕ್ಷತೆಗೆ ನಿಲ್ಲುವುದಿಲ್ಲವೆಂದೂ ಸಾರಿದರು. ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಮಾತುಕತೆ ತೊಡಗಿತು.

ಅಲ್ಲಿಯೂ ಒತ್ತಡ ನಿಲ್ಲಲಿಲ್ಲ. ವಿಮೋಚನಾ ರಂಗವನ್ನು ಸ್ವತಂತ್ರ ಪಕ್ಷವೆಂದು ಒಪ್ಪಲು ಸೈಗಾನ್ ಸಿದ್ಧವಿರಲಿಲ್ಲ. ಆದ್ದರಿಂದ ಮೇಜು ಯಾವ ಆಕಾರದಲ್ಲಿರಬೇಕು ಎಂಬುದರ ಮೇಲೆಯೇ ವಾರಗಟ್ಟಲೆ ವಾದ ನಡೆಯಿತು. ಚೌಕ ಮೇಜಾದರೆ ನಾಲ್ಕು ಪಕ್ಷ, ಎದುರುಬದುರು ಮೇಜಾದರೆ ಎರಡೇ ಪಕ್ಷ. ಕೇಳಿದವರಿಗೆ ನಗು ಬರಬಹುದು. ಆದರೆ ಕೂರಲು ಜಾಗ ಸಿಗುವುದೇ ಬಂಡಾಯಗಾರನಿಗೆ ಅರ್ಧ ಗೆಲವು. 1969ರ ಜನವರಿಯಲ್ಲಿ ದುಂಡು ಮೇಜು ಗೊತ್ತಾಯಿತು. 1973ರ ಜನವರಿ 27ರ ಪ್ಯಾರಿಸ್ ಒಪ್ಪಂದಕ್ಕೆ ದಕ್ಷಿಣದ ಬಂಡಾಯ ಸರ್ಕಾರದ ಪರವಾಗಿ ಸಹಿ ಹಾಕಿದವರು ನ್ಗುಯೆನ್ ಥಿ ಬಿನ್ ಎಂಬ ಮಹಿಳೆ.

ಒಮ್ಮೆ ತರಗತಿಯಲ್ಲಿ ನಾನು ಸೌಪ್ತಿಕ ಪರ್ವದ ಕಥೆಯನ್ನು ಹೇಳುತ್ತಿದ್ದೆ. ಅಶ್ವತ್ಥಾಮ ಮಲಗಿದ್ದವರ ಪಾಳೆಯಕ್ಕೆ ನುಗ್ಗಿ ಕೊಂದ. ಆದರೂ ಯುದ್ಧದ ಫಲ ಬದಲಾಗಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಹಾಗಾದರೆ ರಾತ್ರಿ ದಾಳಿ ಮಾಡಿದವರು ಎಂದೂ ಗೆಲ್ಲುವುದಿಲ್ಲವೇ, ಸಾರ್?" ಎಂದು ಕೇಳಿದ. ಅಂದು ಅವನಿಗೆ ಟೆಟ್ ಹಬ್ಬದ ಕಥೆ ಹೇಳಿದೆ. ಕೇಳಿ ಅವನು ಮತ್ತೊಂದು ಪ್ರಶ್ನೆ ಹಾಕಿದ: "ಗೆದ್ದವರು ಯಾರು?"

ನಾನು ಹೇಳಿದ್ದಿಷ್ಟು. ಕಾಳಗವನ್ನು ಅಮೆರಿಕ ಮತ್ತು ಸೈಗಾನ್ ಗೆದ್ದವು. ಆದರೆ ತಾವು ಮೊದಲು ಆಡಿದ ದೊಡ್ಡ ಮಾತಿನಿಂದಲೇ ಆ ಗೆಲವನ್ನು ಯಾರೂ ನಂಬದಂತೆ ಮಾಡಿಕೊಂಡವು. ಕೊನೆ ದೂರವಿದೆ ಎಂದು ಜನಕ್ಕೆ ಮೊದಲೇ ನಿಜ ಹೇಳಿದ್ದರೆ ಬಿರುಕು ಇಷ್ಟು ಅಗಲವಾಗುತ್ತಿರಲಿಲ್ಲ. ಹ್ಯಾನೋಯಿ ಬಯಸಿದ ಮಹಾ ಉತ್ಥಾನ ಸೈಗಾನಿನಲ್ಲಿ ಆಗಲಿಲ್ಲ. ಅದು ನೆಚ್ಚದಿದ್ದ ಬೇರೊಂದು ಕಡೆ, ಅಮೆರಿಕದ ಮನೆಗಳಲ್ಲಿ, ಮನಸ್ಸು ತಿರುಗಿತು. ಇನ್ನು ದಾಳಿಯಲ್ಲಿ ಮಡಿದ ದಕ್ಷಿಣದ ಬಂಡಾಯಗಾರರ ಮಾತು. 1975ರ ಏಪ್ರಿಲ್ 30ರಂದು ಸೈಗಾನನ್ನು ಹಿಡಿದದ್ದು ಉತ್ತರದ ಸೈನ್ಯದ ಟ್ಯಾಂಕುಗಳು. 1976ರಲ್ಲಿ ದೇಶ ಒಂದಾದಾಗ ದಕ್ಷಿಣದ ಬಂಡಾಯ ಸರ್ಕಾರವೂ ಇಲ್ಲವಾಯಿತು. ಬೆಲೆ ತೆತ್ತವರು ಒಬ್ಬರು, ಪದಾರ್ಥ ಒಯ್ದವರು ಇನ್ನೊಬ್ಬರು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಬ್ಬದ ದಿನ ಮನೆಯಲ್ಲಿದ್ದವರು?" ಎಂದ. ಅವರನ್ನು ಎರಡು ಪಕ್ಷಗಳೂ ತಮ್ಮ ಲೆಕ್ಕದ ಕೊನೆಯಲ್ಲಿ ಬರೆದವು ಎಂದೆ. ಎಲ್ಲಿಯದೇ ಯುದ್ಧದ ವಾರ್ತೆ ನಿಮ್ಮ ಮನೆಯ ರೇಡಿಯೊದಲ್ಲಿ ಬಂದಾಗ ಹುಡುಗನ ಈ ಪ್ರಶ್ನೆಯನ್ನು ನೀವೂ ಕೇಳಿಕೊಳ್ಳಿ. ಎಷ್ಟು ಊರು ಹಿಡಿದರು, ಎಷ್ಟು ಮಂದಿಯನ್ನು ಕೊಂದರು ಎಂಬುದು ವಾರ್ತೆಯಲ್ಲಿ ಮೊದಲು ಬರುತ್ತದೆ. ಆ ಊರುಗಳಲ್ಲಿ ಅಂದು ಒಲೆ ಹೊತ್ತಿತೋ ಇಲ್ಲವೋ ಎಂಬುದನ್ನು ನಾವು ಕೇಳಿ ತಿಳಿಯಬೇಕು.